ತೂತು ಕೊಡ ಎಂಬ ಬಿರುದು

ಶ್ರೀಪಾಲರ ಪಾತ್ರೆ ಅಂಗಡಿಗೆ ಕೆಲಸಕ್ಕೆ ಸೇರಿ ಆರೇಳು ತಿಂಗಳಾದರೂ ಹೇಮಂತ ಇನ್ನೂ ಒಂದು ಸಲವೂ ಯಜಮಾನರಿಂದ ಬೈಸಿಕೊಂಡಿರಲಿಲ್ಲ. ಇದೂ ಒಂದು ಕಷ್ಟವೇ ಅಂತ ನೀವು ನಗಬಹುದು. ನಗಿ, ಬೇಡ ಅನ್ನೋರ್ಯಾರು? ಆದರೆ ಆ ಅಂಗಡಿಯ ರಿವಾಜು ಗೊತ್ತಿದ್ದವರು ನಗುವುದಿಲ್ಲ.

ಅರಸೀಕೆರೆಯ ಪೇಟೆಬೀದಿಯಲ್ಲಿ ಶ್ರೀಪಾಲರ ಬೈಗುಳಕ್ಕೆ ಒಂದು ಬೆಲೆಯಿತ್ತು. ಹಳೇಬೀಡು ಕಡೆಯ ಜೈನರ ಮನೆತನ, ಬಾಯಲ್ಲಿ ಕೆಟ್ಟ ಮಾತು ಬರುವಂತಿಲ್ಲ. ಕೋಪವೋ, ಮೂಗಿನ ತುದಿಯಲ್ಲೇ ಮನೆ ಕಟ್ಟಿಕೊಂಡಿತ್ತು. ಏನು ಮಾಡಬೇಕು ಪಾಪ! ಪಾತ್ರೆಗಳ ಹೆಸರಿನಲ್ಲೇ ಬೈಯುತ್ತಿದ್ದರು. ಸಾಮಾನು ತಪ್ಪಿ ಕಟ್ಟಿದವನು 'ಸೊಟ್ಟ ಸೌಟು'. ಗಿರಾಕಿ ಬಂದಾಗ ಮೊಬೈಲು ಉಜ್ಜುತ್ತ ನಿಂತವನು 'ತುಕ್ಕು ಹಿಡಿದ ಜರಡಿ'. ಎಲ್ಲಕ್ಕಿಂತ ದೊಡ್ಡದು 'ತೂತು ಕೊಡ'. ಅದನ್ನು ಗಳಿಸಿಕೊಂಡವನು ಉದ್ಧಾರವಾದ ಅಂತಲೇ ಲೆಕ್ಕ. ಹಿಂದೆ ಇದ್ದ ಶರತ್ಚಂದ್ರ ಒಂದೇ ವಾರದಲ್ಲಿ ಎರಡು ಸಲ ತೂತು ಕೊಡ ಅನ್ನಿಸಿಕೊಂಡ. ಈಗ ಯಜಮಾನರದೇ ಹಾಸನದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾನೆ.

"ಯಜಮಾನ್ರು ಯಾರನ್ನ ನಮ್ಮೋನು ಅನ್ಕೋತಾರೋ ಅವನಿಗೇ ಕಣೋ ಬೈಯೋದು," ಅಂತ ಮಾರಾಟ ನೋಡಿಕೊಳ್ಳುವ ಶಿವಪ್ರಕಾಶ ಎದೆಯುಬ್ಬಿಸಿ ಹೇಳುತ್ತಿದ್ದ. ಅವನಿಗೆ ಬೆಳಗ್ಗೆ ಒಂದು, ಸಂಜೆ ಒಂದು ಬೈಗುಳ ಖಾಯಂ.

ಹೇಮಂತನ ಎಡಗೈ ಹುಟ್ಟಿದಾಗಿನಿಂದಲೇ ಮೊಣಕೈಯಿಂದ ಸ್ವಲ್ಪ ಕೆಳಗೆ ಮುಗಿದುಹೋಗಿತ್ತು. ಅವನಿಗೆ ಅದೊಂದು ಸುದ್ದಿಯೇ ಅಲ್ಲ. ಕೆಲಸ ಸಿಕ್ಕಿದ್ದು ಹೀಗೆ: ವರ್ತಕರ ಸಭೆಯಲ್ಲಿ ಯಾರೋ ಅಧಿಕಾರಿ ಬಂದು, ವಿಕಲಚೇತನರಿಗೆ ಕೆಲಸ ಕೊಡಿ, ಕೊಟ್ಟಮೇಲೆ ಉಳಿಸಿಕೊಳ್ಳಿ ಅಂತ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಶ್ರೀಪಾಲರೊಬ್ಬರೇ, "ಪಾತ್ರೆ ಮೇಲೆ ಹೆಸರು ಕೆತ್ತೋಕೆ ಬರೋರು ಯಾರಾದ್ರೂ ಇದಾರಾ?" ಅಂತ ಕೇಳಿದ್ದು. ಮಾರನೇ ವಾರ ಹಳೇಬೀಡಿನಿಂದ ಹೇಮಂತ ಬಂದು, "ಪಾತ್ರೆ ಅಲುಗಾಡದ ಹಾಗೆ ಮೇಜಿಗೊಂದು ಕ್ಲಾಂಪು ಹಾಕಿಸಿಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ," ಅಂದ. ಯಜಮಾನರು ವೆಲ್ಡಿಂಗ್ ಅಂಗಡಿಯಲ್ಲಿ ಕ್ಲಾಂಪು ಮಾಡಿಸಿ ಹಾಕಿಸಿದರು. ಅವತ್ತಿನಿಂದ ತಾಲ್ಲೂಕಿನ ಅರ್ಧ ತಟ್ಟೆ ಲೋಟಗಳ ಮೇಲೆ ಅವನ ಅಕ್ಷರವೇ.

ತೊಂದರೆ ಕೊಡುತ್ತಿದ್ದವರು ಮಿಕ್ಕವರು. ಅಂಗಡಿ ಮೆಟ್ಟಿಲ ಪಕ್ಕ ಹೂ ಮಾರುವ ಅನುಸೂಯಮ್ಮ ಅವನನ್ನು ಕಂಡಾಗಲೆಲ್ಲ "ಪಾಪ" ಅನ್ನುತ್ತಿದ್ದರು. ಬಸ್ಸಿಳಿದರೆ ಪಾಪ, ಕಾಫಿ ಕುಡಿದರೆ ಪಾಪ, ನಕ್ಕರೂ ಪಾಪ. ಶಿವಪ್ರಕಾಶನಂತೂ ಅವನ ಊಟದ ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡು ತಾನೇ ಹೊತ್ತು ತರುತ್ತಿದ್ದ. ಒಂದು ದಿನ ಮುದ್ದೆ ಮುರಿದು ಬಾಯಿಗಿಡಲು ಬಂದು, ಬೆರಳು ಕಚ್ಚಿಸಿಕೊಂಡ ಮೇಲೆ ಅದೊಂದು ಬಿಟ್ಟ.

ಹೀಗಿರುವಾಗ ಬೇಲೂರಿನಲ್ಲಿ ಹೊಸ ಅಂಗಡಿ ಅನ್ನುವ ಸುದ್ದಿ ಬಂತು. ಗಣೇಶನ ಹಬ್ಬದ ಮಾರನೇ ದಿನ ಅಲ್ಲಿಗೆ ಯಾರು ಅಂತ ಯಜಮಾನರು ಹೇಳುತ್ತಾರಂತೆ. ಹೇಮಂತನಿಗೆ ಆಸೆ ಹುಟ್ಟಿತು. ಹಳೇಬೀಡಿನಿಂದ ಬೇಲೂರು ಪಕ್ಕದಲ್ಲೇ, ಅಮ್ಮ ಮಾಡಿದ ಬಿಸಿ ತಿಂಡಿ ತಿಂದೇ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ತನ್ನದೂ ಅಂತ ಒಂದು ಕುರ್ಚಿ, ಎದುರಿಗೆ ಗಲ್ಲಾ. ಅಲ್ಲಿ ಕೂತರೆ ಯಾವ ಅನುಸೂಯಮ್ಮ ಪಾಪ ಅಂತಾಳೆ ನೋಡೋಣ!

ಆದರೆ ಬೈಗುಳವೇ ಬಿದ್ದಿಲ್ಲವಲ್ಲ! ಒಂದು ಸೊಟ್ಟ ಸೌಟಿಗೂ ಗತಿಯಿಲ್ಲದವನಿಗೆ ಬೇಲೂರು ಅಂಗಡಿ ಯಾರು ಕೊಡುತ್ತಾರೆ? ತಾನು ಬೈಸಿಕೊಳ್ಳುವುದಕ್ಕೂ ಲಾಯಕ್ಕಿಲ್ಲದವನು ಅಂತ ಯಜಮಾನರೂ ತಿಳಿದಿದ್ದಾರೆ ಅನ್ನಿಸಿತು ಹೇಮಂತನಿಗೆ. ಹಬ್ಬದ ಕಡುಬು ತಿನ್ನುತ್ತಲೇ ತೀರ್ಮಾನ ಮಾಡಿಬಿಟ್ಟ. ನಾಳೆ ಏನಾದರೂ ಆಗಲಿ, ಸಂಜೆಯೊಳಗೆ ತೂತು ಕೊಡ ಅನ್ನಿಸಿಕೊಂಡೇ ತೀರಬೇಕು.

ಮಾರನೇ ದಿನ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇಳಿದವನು ಬೇಕಂತಲೇ ಹೋಟೆಲಿಗೆ ನುಗ್ಗಿ ಇಡ್ಲಿ ತಿಂದ, ವಡೆ ತಿಂದ, ಗಣೇಶನ ಪೆಂಡಾಲಿಗೆ ಹೋಗಿ ಮೂರು ಸುತ್ತು ಬಂದ. ಅಂಗಡಿ ತಲುಪಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಯಜಮಾನರು ಬಿಳೀ ಪಂಚೆ, ಬಿಳೀ ಶಲ್ಯದಲ್ಲಿ ಗಲ್ಲಾದ ಹಿಂದೆ ಕೂತಿದ್ದರು. ಬೆಳಗ್ಗೆಯೇ ಹಳೇಬೀಡಿನ ಬಸದಿಗೆ ಹೋಗಿ ಬಂದ ಹಾಗಿತ್ತು. ಅವರು ಗಡಿಯಾರ ನೋಡಿದರು. ಹೇಮಂತನನ್ನು ನೋಡಿದರು. ಬಾಯಿ ತೆರೆದರು.

ಬಂತು, ಬಂತು ಅಂತ ಹೇಮಂತ ಕಿವಿ ನಿಮಿರಿಸಿದ. ಯಜಮಾನರು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಗುನುಗಿ, ಮತ್ತೆ ಕಣ್ಣು ಬಿಟ್ಟರು.

"ಬಾಪ್ಪ. ಬಸ್ಸು ರಶ್ಶಿತ್ತೇನೋ. ಫ್ಯಾನ್ ಕೆಳಗೆ ಕೂತು ಸುಧಾರಿಸ್ಕೋ."

ಆಮೇಲೆ ಕಾಗದದಲ್ಲಿ ಸುತ್ತಿದ್ದ ಹಿತ್ತಾಳೆ ತಗಡೊಂದನ್ನು ಅವನ ಮೇಜಿನ ಮೇಲಿಟ್ಟರು. "ಬೇಲೂರು ಅಂಗಡಿ ನೋಡ್ಕೊಳ್ಳೋನ ಬೋರ್ಡು. ಯಾರ ಹೆಸರು ಕೆತ್ತಬೇಕು ಅಂತ ಸಂಜೆ ಹೇಳ್ತೀನಿ."

ಹೇಮಂತ ಫ್ಯಾನಿನ ಕೆಳಗೆ ಕೂತ. ಪೆಂಡಾಲು ಸುತ್ತಿ ಬಂದವನಿಗೆ ಫ್ಯಾನಿನ ಗಾಳಿ! ಇದು ಕನಿಕರ ಅಲ್ಲದೆ ಇನ್ನೇನು? ತುಟಿಯಲ್ಲೇ ಗುನುಗಿದ್ದು, 'ದೇವರೇ, ಈ ಹುಡುಗನ್ನ ಕಾಪಾಡು' ಅಂತಲೇ ಇರಬೇಕು.

ಸರಿ, ಎರಡನೇ ಪ್ರಯೋಗ. ಪಕ್ಕದ ಹೋಟೆಲಿನಿಂದ ಯಜಮಾನರ ಕಾಫಿ ತರುವ ಕೆಲಸ ಶಿವಪ್ರಕಾಶನದು. ಅವತ್ತು ಹೇಮಂತ ತಾನೇ ಓಡಿಹೋಗಿ ತಂದ. ದಾರಿಯಲ್ಲಿ ಸೌತೆಕಾಯಿ ಗಾಡಿಯವನ ಉಪ್ಪಿನ ಡಬ್ಬಿಯಿಂದ ಎರಡು ಚಮಚ ಕಾಫಿಗೆ ಸುರಿದು, ಚೆನ್ನಾಗಿ ಕಲಕಿ ಮುಂದಿಟ್ಟ.

ಯಜಮಾನರು ಲೋಟ ನೋಡಿ ಮುಗುಳ್ನಕ್ಕರು. "ಇವತ್ತು ನನಗೆ ಬೇಡಪ್ಪ. ಪ್ರೀತಿಯಿಂದ ತಂದಿದೀಯ, ಚೆಲ್ಲಬಾರದು. ನೀನೇ ಕುಡಿ."

"ನಾನು ಆಗ್ಲೇ ಕುಡಿದೆ ಯಜಮಾನ್ರೇ..."

"ಪರವಾಗಿಲ್ಲ, ಇನ್ನೊಂದು ಕುಡಿ. ಮುಖ ಬಾಡಿದೆ ನಿಂದು. ನನ್ನೆದುರಿಗೇ ಕುಡಿ."

ಕುಡಿದ. ಏನು ಮಾಡುತ್ತಾನೆ? ಮಾಡಿದ್ದುಣ್ಣೋ ಮಹರಾಯ. ಒಂದೊಂದು ಗುಟುಕಿಗೂ ಕಣ್ಣಲ್ಲಿ ನೀರು ಬಂತು. ಮೆಟ್ಟಿಲ ಮೇಲಿಂದ ಅದನ್ನು ನೋಡುತ್ತಿದ್ದ ಅನುಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ! ಯಜಮಾನ್ರು ಒಂದ್ಲೋಟ ಕಾಫಿ ಕೊಟ್ಟಿದ್ದಕ್ಕೆ ಹುಡುಗ ಅಳ್ತಾ ಐತೆ ನೋಡಿ."

ಉಪ್ಪು ಕಾಫಿಯ ಲೋಟ ಕೆಳಗಿಟ್ಟ ಹೇಮಂತನಿಗೆ ಹಟ ಏರಿತು. ಬಾಗಿಲ ಪಕ್ಕ ಶಿವಪ್ರಕಾಶ ಬೆಳಗ್ಗೆಯೆಲ್ಲ ಬೆವರು ಹರಿಸಿ ಬಕೆಟ್ಟು, ಕೊಳಗ, ಡಬರಿಗಳನ್ನು ಗೋಪುರದ ಹಾಗೆ ಜೋಡಿಸಿದ್ದ. ಹೇಮಂತ ಹೋದವನೇ ಎಲ್ಲಕ್ಕಿಂತ ಕೆಳಗಿನ ಬಕೆಟ್ಟಿಗೆ ಜಾಡಿಸಿ ಒಂದು ಒದ್ದ.

ಆ ಸದ್ದು ರೈಲ್ವೆ ಸ್ಟೇಷನ್ನಿಗೂ ಕೇಳಿಸಿತಂತೆ. ಮುಚ್ಚಳವೊಂದು ರಸ್ತೆ ದಾಟಿ ಉರುಳಿಕೊಂಡು ಹೋಗಿ ಬಟ್ಟೆ ಅಂಗಡಿಯೊಳಗೆ ಮಲಗಿತು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಯಜಮಾನರು ಎದ್ದು ನಿಂತರು. ಕಿವಿ ಕೆಂಪಗಾಗಿತ್ತು, ಗಲ್ಲ ಅದುರುತ್ತಿತ್ತು. ಮತ್ತೆ ಕಣ್ಣು ಮುಚ್ಚಿದರು, ಮತ್ತೆ ಗುನುಗಿದರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು.

"ಯಾರಿಗೂ ಏಟಾಗಲಿಲ್ಲ ತಾನೇ?" ಅಂದರು.

ಅಷ್ಟರಲ್ಲಿ ಶಿವಪ್ರಕಾಶ ಓಡಿಬಂದು ನಡುವೆ ನಿಂತ. "ನಾನೇ ಬೀಳಿಸಿದ್ದು ಯಜಮಾನ್ರೇ. ಬೈಯೋದಿದ್ರೆ ನನಗೆ ಬೈಯ್ರಿ."

"ಸುಳ್ಳು!" ಹೇಮಂತ ಕಿರುಚಿದ. "ಒದ್ದಿದ್ದು ನಾನು. ಬೇಕಂತಲೇ ಒದ್ದೆ!"

"ಸುಮ್ನಿರೋ ಹೇಮಂತ, ನಿನಗ್ಯಾಕೆ ಈ ಕಷ್ಟ. ನಾನು ಜೋಡಿಸಿದ್ದೇ ಸರಿಯಿರಲಿಲ್ಲ."

"ಎಷ್ಟು ಚೆನ್ನಾಗಿ ಜೋಡಿಸಿದ್ದೆಯೋ! ಎಷ್ಟು ಬಲವಾಗಿ ಒದೀಬೇಕಾಯ್ತು ಗೊತ್ತಾ?"

ಅನುಸೂಯಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಬೀದಿಯವರಿಗೆಲ್ಲ ಕೇಳುವಂತೆ ಹೇಳಿದರು, "ದೊಡ್ಡ ಮನಸ್ಸು ಅಂದ್ರೆ ಇದು ಕಣ್ರೀ! ಆ ಶಿವಪ್ರಕಾಶನ ತಪ್ಪನ್ನ ತನ್ನ ಮೇಲೆ ಹಾಕ್ಕೋತಾ ಐತೆ, ಪಾಪ!"

ಯಜಮಾನರು ಒಳಗೆ ಹೋಗಿ ಒಂದು ಚೊಂಬು ಬಿಸಿನೀರು ಕುಡಿದರು. ತನಗೆ ಬರಬೇಕಾದ ಬೈಗುಳ ಆ ನೀರಿನ ಜೊತೆ ಇಳಿದುಹೋದದ್ದು ಹೇಮಂತನಿಗೆ ಅವರ ಗಂಟಲಿನ ಮೇಲೆಯೇ ಕಂಡಿತು.

ಇನ್ನು ಉಳಿದಿದ್ದು ಒಂದೇ ದಾರಿ. ಅದಕ್ಕೆ ಕೈ ಹಾಕಬಾರದು ಅಂತ ಅವನು ಅಲ್ಲಿಯವರೆಗೆ ತಡೆದುಕೊಂಡಿದ್ದ, ಯಾಕೆಂದರೆ ಅದು ಅವನ ಸ್ವಂತ ವಿದ್ಯೆ. ಹಳ್ಳಿಯಿಂದ ಚಿಕ್ಕಣ್ಣ ಅನ್ನುವ ರೈತರೊಬ್ಬರು ಒಂದು ತಾಮ್ರದ ಬಿಂದಿಗೆ ಕೊಂಡು, ಹೆಸರು ಕೆತ್ತಲು ಕೊಟ್ಟಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತಂತೆ, ಹೆಂಡತಿಗೆ ಉಡುಗೊರೆ. 'ನನ್ನ ಪ್ರೀತಿಯ ಉಷಾರಾಣಿಗೆ, ಇಂತಿ ಚಿಕ್ಕಣ್ಣ' ಅಂತ ಬರೆಯಬೇಕು. ಆ ಮಾತು ಹೇಳುವಾಗ ಮೀಸೆಯ ಮನುಷ್ಯ ನಾಚಿಕೊಂಡು ಗೋಡೆ ನೋಡಿದ್ದರು.

ಹೇಮಂತ ಬಿಂದಿಗೆಯನ್ನು ಕ್ಲಾಂಪಿಗೆ ಬಿಗಿದ. 'ನನ್ನ ಪ್ರೀತಿಯ ಉಷಾರಾಣಿಗೆ' ಅಂತ ಮುತ್ತು ಪೋಣಿಸಿದ ಹಾಗೆ ಕೆತ್ತಿದ. ಕೆಳಗೆ 'ಇಂತಿ ಶ್ರೀಪಾಲ್' ಅಂತ ಕೆತ್ತಿ, ಪಕ್ಕದಲ್ಲಿ ಒಂದು ಗುಲಾಬಿ ಹೂವನ್ನೂ ಬಿಡಿಸಿದ. ಮಧ್ಯಾಹ್ನ ಚಿಕ್ಕಣ್ಣ ಬಂದು, ಕಾಗದ ಸುತ್ತಿದ್ದ ಬಿಂದಿಗೆಯನ್ನು ಎದೆಗಪ್ಪಿಕೊಂಡು ಖುಷಿಯಾಗಿ ಹೋದರು.

ಸಂಜೆಯ ಹೊತ್ತಿಗೆ ಮೊಪೆಡ್ಡೊಂದು ಗುಡುಗುತ್ತ ಬಂದು ಅಂಗಡಿ ಮುಂದೆ ನಿಂತಿತು. ಮುಂದೆ ಚಿಕ್ಕಣ್ಣ, ಹಿಂದೆ ಬಿಂದಿಗೆ ಹಿಡಿದ ಉಷಾರಾಣಿ.

"ಸಾವ್ಕಾರ್ರೇ, ಈಚೆ ಬರ್ರೀ! ಬಿಂದ್ಗೆ ದುಡ್ಡು ನಂದು, ಹೆಂಡ್ರು ನನ್ನೋಳು, ಪ್ರೀತಿ ಮಾತ್ರ ನಿಮ್ದಾ?"

ಬೀದಿ ಮತ್ತೆ ಬಾಗಿಲಿಗೆ ಬಂತು. ಶಿವಪ್ರಕಾಶ ಬಿಂದಿಗೆ ಇಸಿದುಕೊಂಡು ಗಟ್ಟಿಯಾಗಿ ಓದಿದ. ಓದಬಾರದಿತ್ತು, ಆದರೆ ಓದಿದ. ಅನುಸೂಯಮ್ಮನ ಕೈಯಿಂದ ಹೂವಿನ ಮಾಲೆ ಕೆಳಗೆ ಬಿತ್ತು. ಎತ್ತಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಫೋನು ಹಚ್ಚಿ, "ಪದ್ಮಕ್ಕ, ಬೇಗ ಅಂಗಡಿಗೆ ಬನ್ನಿ. ನಿಮ್ಮೆಜಮಾನ್ರು ಹಿಂಗೆ ಅಂತ ನಾನು ಕನಸಲ್ಲೂ ಅನ್ಕೊಂಡಿರಲಿಲ್ಲ," ಅಂದರು.

ಯಜಮಾನರ ಬಿಳೀ ಶಲ್ಯ ಬೆವರಿನಿಂದ ಒದ್ದೆಯಾಗಿತ್ತು. ಆದರೂ ಅವರು ಚಿಕ್ಕಣ್ಣನ ಮುಂದೆ ಎರಡೂ ಕೈ ಮುಗಿದರು. "ತಪ್ಪಾಗಿದೆ ಅಣ್ಣ, ಕ್ಷಮಿಸಿ. ಬೇರೆ ಬಿಂದಿಗೆ ಕೊಡಿಸ್ತೀನಿ."

"ಇದೂ ಇರ್ಲಿ ಬಿಡ್ರೀ," ಅಂದರು ಉಷಾರಾಣಿ, ಗುಲಾಬಿ ಹೂವನ್ನು ಬೆರಳಿನಿಂದ ಸವರುತ್ತ. "ಇಪ್ಪತ್ತೈದು ವರ್ಸಕ್ಕೆ ಒಂದು ಹೂವಾದ್ರೂ ಬಂತಲ್ಲ."

"ಏನಂದೆ?" ಅಂತ ಚಿಕ್ಕಣ್ಣ ಹೆಂಡತಿಯ ಕಡೆ ತಿರುಗಿದರು. ಜಗಳ ಅತ್ತ ಹೊರಳಿತು.

ಯಜಮಾನರು ನಿಧಾನವಾಗಿ ಹೇಮಂತನ ಕಡೆ ನೋಡಿದರು. ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಯಜಮಾನರ ಹಣೆಯ ನರ ಹುರಿಹಗ್ಗದ ಹಾಗೆ ಎದ್ದಿತ್ತು. ಅವರು ಕಣ್ಣು ಮುಚ್ಚಿ, ಗುನುಗಿ, ಕಣ್ಣು ಬಿಟ್ಟು, "ಅಕ್ಷರ ಮಾತ್ರ ಚೆನ್ನಾಗಿ ಬಂದಿದೆಯಪ್ಪ," ಅಂದರು.

ಅಲ್ಲಿಗೆ ಹೇಮಂತನ ಸಹನೆಯ ಕಟ್ಟೆ ಒಡೆಯಿತು.

"ಬೈಯ್ರೀ ಯಜಮಾನ್ರೇ! ಇನ್ನೇನ್ರೀ ಮಾಡ್ಬೇಕು ನಾನು? ಶಿವಪ್ರಕಾಶಂಗೆ ಬೈತೀರ, ಕರೆಂಟ್ ಹೋದ್ರೆ ಫ್ಯಾನಿಗೆ ಬೈತೀರ, ನನಗೆ ಒಂದು ಸೊಟ್ಟ ಸೌಟೂ ಬೇಡ್ವಾ? ಒಂದು ಕೈ ಇಲ್ಲ ಅಂತ ತಾನೇ? ನಾನೇನು ನಿಮ್ಮ ಷೋಕೇಸಲ್ಲಿ ಇಟ್ಟಿರೋ ಗೊಂಬೆನಾ? ತಪ್ಪು ಮಾಡಿದ್ರೆ ಬೈಯ್ಬೇಕು, ಸರಿ ಮಾಡಿದ್ರೆ ಮೇಲೆ ತರ್ಬೇಕು. ಎರಡೂ ಇಲ್ಲ ಅಂದ್ರೆ ಇದು ಕೆಲಸ ಅಲ್ಲ, ಭಿಕ್ಷೆ. ನನಗೆ ನಿಮ್ಮ ಬೇಲೂರೂ ಬೇಡ, ಅರಸೀಕೆರೆನೂ ಬೇಡ!"

ಅನುಸೂಯಮ್ಮ ಪಾಪ ಅನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಬಹುಶಃ ಜೀವಮಾನದಲ್ಲಿ ಅದೇ ಮೊದಲು.

ಆಗಲೇ ಬಂದು ಗುಂಪಿನ ಹಿಂದೆ ನಿಂತಿದ್ದ ಪದ್ಮಲತಾ, ಯಜಮಾನರ ಮಡದಿ, ನಗು ತಡೆಯಲಾರದೆ ಮುಂದೆ ಬಂದರು.

"ಅಲ್ಲ ಹೇಮಂತ, ಹಳೇಬೀಡಿನವನಾಗಿ ಇಷ್ಟೂ ಗೊತ್ತಿಲ್ವೇನಪ್ಪ? ಗಣೇಶನ ಹಬ್ಬದ ಮಾರನೇ ದಿನ ನಮಗೆ ದಶಲಕ್ಷಣ ಪರ್ವ ಶುರು. ಇವತ್ತು ಮೊದಲನೇ ದಿನ, ಉತ್ತಮ ಕ್ಷಮಾ. ಯಾರ ಮೇಲೂ ಕೋಪ ಮಾಡ್ಕೋಬಾರ್ದು. ಹತ್ತು ದಿನಾನೂ ತಡ್ಕೊಳ್ಳಿ ಅಂದೆ. ನನ್ನ ಕೈಲಿ ಒಂದು ದಿನ ಆದ್ರೆ ದೊಡ್ಡದು ಅಂತ ಇವರು ಬೆಳಗ್ಗೆ ಬಸದೀಲಿ ಒಂದೇ ದಿನದ ಸಂಕಲ್ಪ ಮಾಡಿ ಬಂದಿದಾರೆ. ಕಾಫಿ ಇಲ್ಲ, ತಿಂಡಿ ಇಲ್ಲ, ಬೈಗುಳ ಇಲ್ಲ."

ಹೇಮಂತನಿಗೆ ಬೆಳಗ್ಗೆಯಿಂದ ಕಂಡ ಬಿಳೀ ಪಂಚೆ, ಬಿಸಿನೀರು, ಗುನುಗು ಎಲ್ಲವೂ ಒಟ್ಟಿಗೆ ಅರ್ಥವಾಯಿತು. ವರ್ಷದಲ್ಲಿ ಮಿಕ್ಕ ಎಲ್ಲ ದಿನವನ್ನೂ ಬಿಟ್ಟು ಇದೇ ದಿನ ಸಿಗಬೇಕಿತ್ತೇ!

ಯಜಮಾನರು ಜೇನಿನಂಥ ದನಿಯಲ್ಲಿ ಒಂದೇ ಮಾತು ಹೇಳಿದರು. "ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬಂದ್ಬಿಡಪ್ಪ. ತಪ್ಪಿಸಬೇಡ."

ತಪ್ಪಿಸುವುದುಂಟೇ? ಮಾರನೇ ದಿನ ಹೇಮಂತ ಮೊದಲನೇ ಬಸ್ಸಿಗೇ ಬಂದ. ಯಜಮಾನರು ಬಾಗಿಲು ತೆಗೆದರು, ದೀಪ ಹಚ್ಚಿದರು, ಕೈ ಮುಗಿದರು, ಆಮೇಲೆ ತಿರುಗಿದರು.

"ಲೋ ತೂತು ಕೊಡವೇ!"

ಆಹಾ! ಹೇಮಂತನ ಮೈ ಝುಮ್ಮೆಂದಿತು.

"ಸೊಟ್ಟ ಸೌಟು! ತಳವಿಲ್ಲದ ಹಂಡೆ! ಕಂಠ ಮುರಿದ ಗಿಂಡಿ! ಹಿಡಿಯಿಲ್ಲದ ಬಾಣಲೆ! ನನ್ನ ಬಕೆಟ್ಟುಗಳು ನಿನಗೇನೋ ಮಾಡಿದ್ದವು?"

ಮಳೆಯಿಲ್ಲದೆ ಒಣಗಿದ ಹೊಲದ ಹಾಗೆ ನಿಂತು ಹೇಮಂತ ನೆನೆದ. ಕಣ್ಣು ತೇವವಾಯಿತು. ಅನುಸೂಯಮ್ಮ ಹೂವಿನ ಬುಟ್ಟಿ ಬಿಟ್ಟು ಮೆಟ್ಟಿಲು ಹತ್ತಿ ಬಂದರು. "ಯಜಮಾನ್ರೇ, ಇಂಥ ಹುಡುಗನ್ನ ಹಿಂಗೆ ಬೈತಾರಾ? ಪಾಪ..."

"ಅಕ್ಕ, ಅಡ್ಡ ಬರಬೇಡಿ," ಅಂದ ಹೇಮಂತ. "ಇನ್ನೂ ಅರ್ಧ ಬಾಕಿ ಐತೆ."

ಬೈಗುಳವೆಲ್ಲ ಮುಗಿದಮೇಲೆ ಯಜಮಾನರು ಕುರ್ಚಿಯಲ್ಲಿ ಕೂತು, ಉಸಿರು ಹಾಕಿ, ಮೆತ್ತಗಾದರು.

"ಕೈ ಇಲ್ಲ ಅಂತ ಬೈಯ್ಲಿಲ್ಲ ಅಂದ್ಕೊಂಡ್ಯಾ? ನನಗೆ ನಿನ್ನ ಕೈ ಜ್ಞಾಪಕಕ್ಕೆ ಬಂದಿದ್ದು ಆ ಕ್ಲಾಂಪು ಮಾಡಿಸಿದ ದಿನ ಒಂದೇ. ಸೇರಿದಾಗಿನಿಂದ ಒಂದು ತಪ್ಪು ಮಾಡಿದ್ಯೇನೋ ನೀನು? ಏನಂತ ಬೈಲಿ? ಬೈಯೋಕೆ ಕಾರಣಾನೇ ಕೊಡದವನು ಒಬ್ಬ ಸಿಕ್ಕಿದ ಅಂತ ನಿನ್ನೆ ಬಸದೀಲಿ ಬೇಲೂರು ಅಂಗಡಿ ಬೀಗದ ಕೈನ ದೇವರ ಮುಂದೆ ಇಟ್ಟು, ನಿನಗೆ ಕೊಡೋಣ ಅಂತ ತಂದೆ. ಆ ತಗಡಿನ ಮೇಲೆ ನಿನ್ನ ಹೆಸರನ್ನ ನಿನ್ನ ಕೈಲೇ ಕೆತ್ತಿಸೋಣ ಅಂತಿದ್ದೆ."

ಹೇಮಂತನಿಗೆ ನಿನ್ನೆಯ ಉಪ್ಪು ಕಾಫಿ ಮತ್ತೆ ಗಂಟಲಿಗೆ ಬಂದ ಹಾಗಾಯಿತು. "ಅಂದ್ರೆ... ಈಗ?"

"ಈಗ ಶಿವಪ್ರಕಾಶ ಹೋಗ್ತಾನೆ. ಅವನು ದಿನಾ ತಪ್ಪು ಮಾಡ್ತಾನೆ, ಆದ್ರೆ ಗೊತ್ತಿಲ್ದೆ ಮಾಡ್ತಾನೆ. ನೀನು ಬೇಕಂತಲೇ ಒದ್ದೆ ಅಂತ ಬೀದಿ ಮುಂದೆ ನೀನೇ ಹೇಳಿದೀಯ."

"ಯಜಮಾನ್ರೇ, ನಿಮ್ಮ ಹಬ್ಬಾನೇ ಕ್ಷಮೇದು ಅಲ್ವಾ? ಕ್ಷಮಿಸಿಬಿಡಿ."

"ಕ್ಷಮಾ ನಿನ್ನೆಗೇ ಮುಗೀತಪ್ಪ. ಇವತ್ತು ಎರಡನೇ ದಿನ, ಉತ್ತಮ ಮಾರ್ದವ. ಗರ್ವ ಬಿಡೋ ದಿನ. ಬೇಲೂರಿಗೆ ಯಜಮಾನ ಆಗ್ತೀನಿ ಅನ್ನೋ ಗರ್ವ ನೀನು ಬಿಡು. ಕೆಲಸ ಬಿಟ್ಟು ಹೋಗ್ತೀನಿ ಅಂದ್ಯಲ್ಲ ನಿನ್ನೆ, ಅದನ್ನೂ ಬಿಡು. ನಿನ್ನಂಥ ಅಕ್ಷರ ಬರೆಯೋನನ್ನ ನಾನೆಲ್ಲಿಂದ ತರಲಿ?"

ಅಷ್ಟು ಹೇಳಿ, ಕಾಗದ ಬಿಚ್ಚಿ ಹಿತ್ತಾಳೆ ತಗಡನ್ನು ಕ್ಲಾಂಪಿನ ಮುಂದೆ ಇಟ್ಟು ಎದ್ದರು. "ಕೆತ್ತು. ವ್ಯವಸ್ಥಾಪಕರು, ಶಿವಪ್ರಕಾಶ್. ಈ ಸಲ ಬೇರೆ ಯಾರ ಹೆಸರೂ ಬೇಡ."

ಹೇಮಂತ ತಗಡನ್ನು ಬಿಗಿದು ಕೆತ್ತುವ ಮಿಷನ್ನು ಎತ್ತಿಕೊಂಡ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಶಿವಪ್ರಕಾಶ ಹಿಂದಿನಿಂದ ಬಗ್ಗಿ ನೋಡುತ್ತ, ಅವನ ಊಟದ ಡಬ್ಬಿಯನ್ನು ಮೆಲ್ಲಗೆ ಕೈಗೆತ್ತಿಕೊಂಡ.

"ಇದನ್ನ ಒಳಗಿಟ್ಟು ಬರ್ತೀನಿ. ನೀನು ಬೇಜಾರು ಮಾಡ್ಕೋಬೇಡ ಕಣೋ," ಅಂದ. "ಪಕ್ಕದಲ್ಲಿ ಒಂದು ಗುಲಾಬಿ ಹೂವೂ ಬಿಡಿಸ್ಬಿಡು."